ಗೆಣಸಿನ ಮೂತಿ ಹುಳುವಿಗೆ ಮೋಹಕ ಬಲೆ, ಜೊತೆಗೆ ‘ಹುಳು ಹತ್ತದ’ ಹಂಬು: ಬಳಸಿ ನೋಡಿದ ಮೇಲೆ

ಅಂಕ ಮೊದಲೇ ಕೊಟ್ಟುಬಿಡುತ್ತೇನೆ. ಲೂರ್‌ಗೆ, ಅಂದರೆ ಗೆಣಸಿನ ಗಡ್ಡೆ ಕೊರೆಯುವ ಮೂತಿ ಹುಳುವನ್ನು ವಾಸನೆಯಿಂದ ಸೆಳೆಯುವ ಚಿಕ್ಕ ಬಿರಡೆಗೆ, ಐದರಲ್ಲಿ ನಾಲ್ಕೂವರೆ. ಬಲೆಗೆ ಮೂರು. ಅದೇ ಪೆಟ್ಟಿಗೆಯಲ್ಲಿ ಬಂದ ‘ಮೂತಿ ಹುಳು ಹತ್ತದ ತಳಿ’ಯ ಹಂಬಿಗೆ, ಅಂದರೆ ನಾಟಿಗೆ ಕತ್ತರಿಸಿದ ಬಳ್ಳಿಗೆ, ಒಂದು, ಅದೂ ಒದ್ದೆ ಬಟ್ಟೆ ಸುತ್ತಿ ಬಾಡದ ಹಾಗೆ ಕಳಿಸಿದ್ದರು ಅನ್ನೋ ಒಂದೇ ಕಾರಣಕ್ಕೆ. ಒಳಗಿದ್ದ ಮಾಹಿತಿ ಹಾಳೆಗೆ ಸೊನ್ನೆ.

ಕಂಪನಿ ಹೆಸರು ಹಾಕುತ್ತಿಲ್ಲ. ಹಾಕಿದರೂ ದೊಡ್ಡ ಉಪಯೋಗ ಇಲ್ಲ. ಈ ಲೂರ್ ಬಹಳ ಜನ ಮಾಡುತ್ತಾರೆ, ಒಳಗಿರುವ ವಸ್ತು ಎಲ್ಲರದ್ದೂ ಒಂದೇ. ಹೆಣ್ಣು ಹುಳು ಗಂಡನ್ನು ಕರೆಯಲು ಬಿಡುವ ವಾಸನೆ ಏನು ಅಂತ 1986ರಲ್ಲಿ ಕಂಡುಹಿಡಿದರು. ಅದನ್ನೇ ಕಾರ್ಖಾನೆಯಲ್ಲಿ ತಯಾರಿಸಿ, ಚಿಕ್ಕ ರಬ್ಬರ್ ಬಿರಡೆಗೆ ಕುಡಿಸಿ, ಪೊಟ್ಟಣ ಕಟ್ಟಿ ಮಾರುತ್ತಾರೆ. ಹಾಗಾಗಿ ಇಲ್ಲಿ ಬರೆದದ್ದು ನೀವು ಯಾರ ಹತ್ತಿರ ಕೊಂಡರೂ ಹೆಚ್ಚುಕಮ್ಮಿ ಅನ್ವಯಿಸುತ್ತದೆ.

ಒಂದು ಮಾತ್ರ ನೋಡಿ ಕೊಳ್ಳಿ. ಪೊಟ್ಟಣದ ಮೇಲೆ ‘ಸೈಲಾಸ್ ಫಾರ್ಮಿಕೇರಿಯಸ್’ ಅಂತ ಹುಳುವಿನ ಹೆಸರು ಇರಬೇಕು. ಬರೀ ‘ಗೆಣಸಿನ ಕೀಟಕ್ಕೆ’ ಅಂತ ಇದ್ದರೆ ಬಿಟ್ಟುಬಿಡಿ. ಆಫ್ರಿಕಾದಲ್ಲಿ ಇದರ ಅಣ್ಣತಮ್ಮಂದಿರು ಬೇರೆ ಎರಡಿವೆ, ಸೈಲಾಸ್ ಪಂಕ್ಟಿಕೋಲಿಸ್ ಮತ್ತು ಸೈಲಾಸ್ ಬ್ರೂನಿಯಸ್. ಅವುಗಳ ವಾಸನೆಯೇ ಬೇರೆ, ಅವಕ್ಕೆ ಬೇರೆ ಲೂರ್ ಬೇಕು.

ಬಲೆ ಅಂದರೆ ಏನು ಅಂತ ಹೇಳಿಬಿಡುತ್ತೇನೆ. ಕೆಳಗೆ ಪ್ಲಾಸ್ಟಿಕ್ ಡಬ್ಬಿ, ಮೇಲೆ ಆಲಿಕೆ, ಅದರ ಮೇಲೆ ಮುಚ್ಚಳ. ಮುಚ್ಚಳದ ಕೆಳಗೆ ಲೂರ್ ಸಿಕ್ಕಿಸುವ ಗೂಡು. ಹುಳು ವಾಸನೆ ಹುಡುಕಿಕೊಂಡು ಬರುತ್ತದೆ, ಆಲಿಕೆಯ ನುಣುಪಿನ ಮೇಲೆ ಕಾಲು ನಿಲ್ಲದೆ ಜಾರಿ ಕೆಳಗೆ ಬೀಳುತ್ತದೆ. ಡಬ್ಬಿಯಲ್ಲಿ ಸ್ವಲ್ಪ ಸೋಪಿನ ನೀರು ಹಾಕಿಟ್ಟರೆ ಮುಳುಗಿ ಸಾಯುತ್ತದೆ. ಸೋಪು ಯಾಕೆ ಅಂದರೆ, ಬರೀ ನೀರಾದರೆ ಹುಳು ಮೇಲೆಯೇ ತೇಲುತ್ತಾ ಅಂಚು ಹಿಡಿದು ಹತ್ತಿಬಿಡುತ್ತದೆ.

ಕೆಲಸ ಮಾಡುತ್ತದಾ? ಮಾಡುತ್ತದೆ. ಈ ಹುಳುವಿನ ಓಡಾಟ ಕತ್ತಲಾದ ಮೇಲೆ ಜಾಸ್ತಿ. ಸಂಜೆ ಕಟ್ಟಿದ ಬಲೆಯ ಡಬ್ಬಿ ಬೆಳಿಗ್ಗೆ ಬಿಚ್ಚಿ ನೋಡಿದಾಗ ತಳದಲ್ಲಿ ಕಪ್ಪಗೆ ಒಂದು ಪದರವೇ ಕೂತಿತ್ತು. ಪಕ್ಕದ ಹೊಲದವನು ಬಗ್ಗಿ ನೋಡಿ, “ಇದೇನಕ್ಕಾ, ಇರುವೆ ಹಿಡಿಯೋಕೆ ಬಲೆ ಕಟ್ಟಿದ್ದೀರಾ?” ಅಂತ ನಕ್ಕ. ಅವನ ತಪ್ಪಲ್ಲ. ಈ ಹುಳು ನೋಡಲು ಥೇಟ್ ಇರುವೆ. ಉದ್ದ 6ರಿಂದ 8 ಮಿಲಿಮೀಟರ್. ತಲೆ ಮತ್ತು ಬೆನ್ನು ಹೊಳೆಯುವ ನೀಲಿಗಪ್ಪು, ಕುತ್ತಿಗೆಯ ಭಾಗ ಮತ್ತು ಕಾಲು ಇಟ್ಟಿಗೆಗೆಂಪು. ಅಂಗೈ ಮೇಲೆ ಹಾಕಿಕೊಂಡು ನೋಡಿದರೆ ಮುಂದೆ ಬಾಗಿದ ಮೂತಿ ಕಾಣುತ್ತದೆ, ಆಗ ಅನುಮಾನ ಉಳಿಯುವುದಿಲ್ಲ.

ಈಗ ಮಾಹಿತಿ ಹಾಳೆಯ ವಿಷಯಕ್ಕೆ ಬರುತ್ತೇನೆ. ‘ಬಲೆ ಕಟ್ಟಿ, ಮೂತಿ ಹುಳುವಿನ ಚಿಂತೆ ಬಿಡಿ’ ಅಂತ ದಪ್ಪ ಅಕ್ಷರದಲ್ಲಿ ಅಚ್ಚು ಹಾಕಿದ್ದಾರೆ. ನನಗೆ ಸಿಟ್ಟು ಬಂದದ್ದು ಇದಕ್ಕೇ.

ಬಿದ್ದ ಹುಳುಗಳನ್ನು ಒಂದು ಬಿಳಿ ತಟ್ಟೆಗೆ ಸುರಿದು ಭೂತಗನ್ನಡಿ ಹಿಡಿಯಿರಿ. ಮೀಸೆ ನೋಡಿ, ಅದರ ಕೊನೆಯ ಗೆಣ್ಣು. ಹೆಣ್ಣಾದರೆ ಅದು ಮೊಟ್ಟೆಯಾಕಾರದ ಗಿಡ್ಡ ಗುಂಡು. ಗಂಡಾದರೆ ಉದ್ದಕ್ಕೆ, ನೇರ ಕಡ್ಡಿಯ ಹಾಗೆ ಇರುತ್ತದೆ. ತಟ್ಟೆಯಲ್ಲಿ ಇದ್ದವೆಲ್ಲ ಗಂಡು. ಆಗಬೇಕಾದ್ದೂ ಹಾಗೇ, ಯಾಕೆಂದರೆ ವಾಸನೆ ಹೆಣ್ಣಿನದು. ಗಡ್ಡೆಗೆ ಮೊಟ್ಟೆ ಇಡುವವಳು ಬಲೆಯ ಕಡೆ ತಿರುಗಿಯೂ ನೋಡುವುದಿಲ್ಲ. ಅವಳು ಹಾರುವುದೂ ಕಡಿಮೆ, ಬುಡದಲ್ಲಿ ನಡೆದುಕೊಂಡೇ ಓಡಾಡುತ್ತಿರುತ್ತಾಳೆ.

ಗಂಡು ಸತ್ತರೆ ಸಂತಾನ ನಿಲ್ಲಬೇಕಲ್ವಾ ಅಂತ ಕೇಳಬಹುದು. ಲೆಕ್ಕ ಅಷ್ಟು ಸರಳ ಇಲ್ಲ. ಒಂದು ಗಂಡು ಹಲವು ಹೆಣ್ಣುಗಳ ಜೊತೆ ಕೂಡುತ್ತದೆ. ಬಹುಪಾಲು ಗಂಡು ಬಲೆಗೆ ಬಿದ್ದರೂ ಉಳಿದ ಕೆಲವೇ ಸಾಕು. ಮೇಲಾಗಿ ಪಕ್ಕದ ಹೊಲದಿಂದ ಹೊಸ ಗಂಡು ಹಾರಿ ಬರುತ್ತಲೇ ಇರುತ್ತವೆ. ಗಂಡುಗಳನ್ನು ಕೊಂದೇ ಹುಳು ಇಳಿಸುವ ಕೆಲಸ ಜಪಾನಿನ ಓಕಿನಾವಾದ ಕುಮೆ ದ್ವೀಪದಲ್ಲಿ ನಡೆದಿದೆ. ಅಲ್ಲಿ 2013ರಲ್ಲಿ ಈ ಹುಳುವನ್ನು ಪೂರ್ತಿ ತೊಲಗಿಸಿದ್ದೇವೆ ಅಂತ ಘೋಷಿಸಿದರು. ಆದರೆ ಅದು ಬರೀ ಲೂರ್‌ನಿಂದ ಆದದ್ದಲ್ಲ. ಲೂರ್ ಮತ್ತು ವಿಷ ಹಾಕಿ ಗಂಡುಗಳನ್ನು ಕಡಿಮೆ ಮಾಡಿದರು. ಆಮೇಲೆ ವಿಕಿರಣದಿಂದ ಬಂಜೆ ಮಾಡಿದ ಹುಳುಗಳನ್ನು ವರ್ಷಗಟ್ಟಲೆ ಬಿಟ್ಟರು. ಸುತ್ತ ಸಮುದ್ರ ಇತ್ತು, ಹೊರಗಿನಿಂದ ಹುಳು ಬರುವ ದಾರಿ ಇರಲಿಲ್ಲ. ಸಾಮಾನ್ಯ ಹೊಲದ ಸುತ್ತ ಏನಿರುತ್ತದೆ? ಇನ್ನೊಂದು ಹೊಲ.

ಹಾಗಾದರೆ ನಾಲ್ಕೂವರೆ ಅಂಕ ಯಾಕೆ ಕೊಟ್ಟೆ? ಬಲೆ ಹುಳು ಎಣಿಸಿ ಕೊಡುತ್ತದೆ, ಅದಕ್ಕೆ. ಥರ್ಮಾಮೀಟರ್ ಜ್ವರ ಇಳಿಸುವುದಿಲ್ಲ, ಆದರೆ ಅದಿಲ್ಲದೆ ಎಷ್ಟು ಜ್ವರ ಅಂತ ಗೊತ್ತಾಗುವುದಿಲ್ಲ. ಗೆಣಸಿನಲ್ಲಿ ಈ ಹುಳುವಿನ ಹಾವಳಿ ಕಣ್ಣಿಗೆ ಬೀಳುವುದು ತೀರಾ ತಡವಾಗಿ. ಮೇಲೆ ಎಲೆ ಹಸಿರಾಗಿ ನಳನಳಿಸುತ್ತಿರುತ್ತದೆ, ಕೆಳಗೆ ಗಡ್ಡೆ ಜಾಲರಿ ಆಗಿರುತ್ತದೆ. ವಾರವಾರ ಡಬ್ಬಿ ನೋಡುತ್ತಿದ್ದರೆ ಹುಳು ಯಾವಾಗ ಏರುತ್ತಿದೆ ಅಂತ ಕಾಣುತ್ತದೆ. ಏರಿತು ಅಂದರೆ ಬುಡಕ್ಕೆ ಮಣ್ಣು ಏರಿಸುವ ಹೊತ್ತು. ಬೆಳೆ ಬಲಿತಿದ್ದರೆ ಕೀಳುವ ಹೊತ್ತು.

ಮಣ್ಣಿನ ವಿಷಯ ಸ್ವಲ್ಪ ಬಿಡಿಸಿ ಹೇಳಬೇಕು. ಇಡೀ ಆಟ ನಡೆಯುವುದು ಅಲ್ಲೇ. ಹೆಣ್ಣು ಹುಳುವಿಗೆ ಮಣ್ಣು ಅಗೆಯಲು ಬರುವುದಿಲ್ಲ. ಗಡ್ಡೆ ಊದಿದಂತೆ ಬೋದಿನ (ನೆಟ್ಟ ಸಾಲಿನ ಮಣ್ಣಿನ ಏರಿ) ಮೇಲೆ ಬಿರುಕು ಬಿಡುತ್ತದಲ್ಲ, ಅದೇ ಅವಳ ಬಾಗಿಲು. ಬಿರುಕಿನಲ್ಲಿ ಇಳಿದು ಗಡ್ಡೆಯ ಸಿಪ್ಪೆಯಲ್ಲಿ ಮೂತಿಯಿಂದ ಚಿಕ್ಕ ಗುಳಿ ತೋಡುತ್ತಾಳೆ. ಒಂದು ಗುಳಿಗೆ ಒಂದೇ ಮೊಟ್ಟೆ. ಮೇಲೆ ತನ್ನ ಹಿಕ್ಕೆಯಿಂದಲೇ ಬಿರಡೆ ಹಾಕಿ ಮುಚ್ಚುತ್ತಾಳೆ. ಹೊರಗಿನಿಂದ ನೋಡಿದರೆ ಗುಂಡುಸೂಜಿ ತಲೆಯಷ್ಟು ಕಂದು ಚುಕ್ಕೆ, ಅಷ್ಟೇ. ಬಿಸಿ ಹವೆಯಲ್ಲಿ ಒಂದು ವಾರದೊಳಗೆ ಮೊಟ್ಟೆ ಒಡೆಯುತ್ತದೆ. ಕಾಲಿಲ್ಲದ ಬಿಳಿ ಮರಿಹುಳು ಒಳಗೇ ಸುರಂಗ ಕೊರೆದುಕೊಂಡು, ಅಲ್ಲೇ ಕೋಶವಾಗಿ, ಒಟ್ಟು ಒಂದು ತಿಂಗಳು ಚಿಲ್ಲರೆ ದಿನದಲ್ಲಿ ಮತ್ತೆ ಹುಳುವಾಗಿ ಹೊರಗೆ ಬರುತ್ತದೆ. ಒಂದು ಬೆಳೆಯಲ್ಲಿ ಎರಡು ಮೂರು ಪೀಳಿಗೆಗೆ ಸಮಯ ಧಾರಾಳವಾಗಿ ಸಿಗುತ್ತದೆ.

ಬಲೆ ಕಟ್ಟಿದ ಜಾಗದ ಹತ್ತಿರವೇ ಒಂದು ಗಡ್ಡೆ ಕಿತ್ತು ಸೀಳಿ ನೋಡಿದೆ. ಬೋದಿನಿಂದ ಹೊರಗೆ ಭುಜ ಕಾಣುತ್ತಿದ್ದ ಗಡ್ಡೆ ಅದು. ಮೇಲಿನ ಕಾಲು ಭಾಗ ಕಪ್ಪು ಹಸಿರು ಬಣ್ಣಕ್ಕೆ ತಿರುಗಿ ಸ್ಪಂಜಿನಂತಾಗಿತ್ತು. ಸುರಂಗದ ತುಂಬಾ ಒದ್ದೆ ಹಿಕ್ಕೆ, ಅದರ ನಡುವೆ ಒಂದು ಮರಿಹುಳು, ತಲೆ ಮಾತ್ರ ಕಂದು. ಮೂಗಿಗೆ ಹಿಡಿದರೆ ಟರ್ಪೆಂಟೈನ್ ವಾಸನೆ. ಅದೇ ಬುಡದ, ಒಂದು ಗೇಣು ಆಳದಲ್ಲಿದ್ದ ಇನ್ನೊಂದು ಗಡ್ಡೆ ನುಣ್ಣಗೆ, ಚುಕ್ಕೆ ಇಲ್ಲದೆ ಬಂತು. ಅದೇ ತಳಿ, ಅದೇ ಬುಡ. ಬಿರುಕು ಅಲ್ಲಿಗೆ ಮುಟ್ಟಿರಲಿಲ್ಲ, ಅಷ್ಟೇ.

ಆ ವಾಸನೆ ಹುಳುವಿನದಲ್ಲ, ಗೆಣಸಿನದೇ. ಹುಳು ಕಚ್ಚಿದಾಗ ಗಡ್ಡೆ ತನ್ನನ್ನು ಕಾಪಾಡಿಕೊಳ್ಳಲು ಕಹಿ ವಸ್ತುಗಳನ್ನು ಮಾಡಿಕೊಳ್ಳುತ್ತದೆ, ಇಪೊಮಿಯಮರೋನ್ ಅಂತ ಒಂದರ ಹೆಸರು. ಬೇಯಿಸಿದರೂ ಕಹಿ ಹೋಗುವುದಿಲ್ಲ. ಸ್ವಲ್ಪವೇ ಕಚ್ಚಿದ್ದರೂ ಗಡ್ಡೆ ತಿನ್ನಲು ಬಾರದು ಅನ್ನುವುದು ಇದಕ್ಕೇ. ಮನುಷ್ಯರು ಬಿಟ್ಟದ್ದನ್ನು ದನಕ್ಕೆ ಹಾಕೋಣ ಅನ್ನಿಸುತ್ತದೆ. ಹಾಕಬೇಡಿ. ಹೀಗೆ ಕೆಟ್ಟು ಬೂಷ್ಟು ಹತ್ತಿದ ಗೆಣಸಿನಿಂದ ದನಗಳ ಶ್ವಾಸಕೋಶ ಕೆಟ್ಟು ಸತ್ತ ಪ್ರಕರಣಗಳಿವೆ.

ಇನ್ನು ಹಂಬು.

ಕಟ್ಟು ಬಿಚ್ಚಿದೊಡನೆ ನನ್ನ ಮುಖ ಸಪ್ಪಗಾಯಿತು. ಮುಕ್ಕಾಲು ಪಾಲು ಬುಡದ ತುಂಡುಗಳು. ದಪ್ಪ, ಬಲಿತ, ಕಟ್ಟಿಗೆಯಂಥವು. ಗೆಣಸಿಗೆ ನಾಟಿ ತುಂಡು ಅಂದರೆ ಕುಡಿಯಿಂದ ಒಂದಡಿಯೊಳಗೆ, 25ರಿಂದ 30 ಸೆಂಟಿಮೀಟರ್ ಎಳೆಯ ಭಾಗ. ಅದಕ್ಕೆ ಕಾರಣ ಬೇಗ ಬೇರು ಬಿಡುತ್ತದೆ ಅನ್ನೋದು ಒಂದೇ ಅಲ್ಲ. ಗಡ್ಡೆ ಇನ್ನೂ ಆಗದಿದ್ದಾಗ ಮೂತಿ ಹುಳು ಮೊಟ್ಟೆ ಇಡುವುದು ಹಂಬಿನ ಬಲಿತ ಬುಡದಲ್ಲೇ. ಕುಡಿಯ ಕಡೆ ಬರುವುದು ಅಪರೂಪ. ಬುಡದ ತುಂಡು ನೆಟ್ಟರೆ ಹುಳುವನ್ನೂ ಜೊತೆಯಲ್ಲೇ ನೆಟ್ಟ ಹಾಗೆ.

ಒಂದೊಂದನ್ನೇ ಬೆಳಕಿಗೆ ಹಿಡಿದು ತಿರುಗಿಸಿದೆ. ಒಂದು ತುಂಡಿನ ಗೆಣ್ಣಿನ ಕೆಳಗೆ ಸ್ವಲ್ಪ ಉಬ್ಬಿತ್ತು, ಪಕ್ಕದಲ್ಲೇ ಆ ಕಂದು ಚುಕ್ಕೆ. ಬ್ಲೇಡಿನಿಂದ ಉದ್ದಕ್ಕೆ ಸೀಳಿದೆ. ಒಳಗೆ ಮರಿಹುಳು ಆರಾಮಾಗಿ ಸುತ್ತಿಕೊಂಡು ಮಲಗಿತ್ತು. ‘ಮೂತಿ ಹುಳು ಹತ್ತದ ತಳಿ’ ಅಂತ ಚೀಟಿ ಕಟ್ಟಿದ ಹಂಬಿನಲ್ಲಿ! ಫೋಟೋ ತೆಗೆದು ಕಳಿಸಿದೆ. “ಮೇಡಂ, ತಳಿ ನಿರೋಧಕವೇ, ಹುಳು ದಾರಿಯಲ್ಲಿ ಬಂದಿರಬೇಕು” ಅಂತ ಉತ್ತರ ಬಂತು. ಕಾಲಿಲ್ಲದ ಮರಿಹುಳು ದಾರಿಯಲ್ಲಿ ಎಲ್ಲಿ ಹತ್ತಿಕೊಂಡಿತೋ! ಎಳೆಯ ಕುಡಿಗಳನ್ನು ಮಾತ್ರ ಆರಿಸಿ, ಬೇರೆ ಮಡಿಯಲ್ಲಿ ನೆಟ್ಟೆ. ಉಳಿದದ್ದನ್ನು ಸುಟ್ಟೆ.

ನ್ಯಾಯವಾಗಿ ಹೇಳಬೇಕೆಂದರೆ, ಗೆಣಸಿನಲ್ಲಿ ಹುಳು ತಡೆಯುವ ಗುಣ ಅನ್ನೋದು ಸುಳ್ಳಲ್ಲ. ಅದು ಎಷ್ಟರ ಮಟ್ಟಿಗೆ ಅನ್ನೋದರಲ್ಲೇ ಎಲ್ಲಾ ಇದೆ. ಉಗಾಂಡಾದಲ್ಲಿ ನ್ಯೂ ಕವೋಗೊ ಅಂತ ಒಂದು ತಳಿ ಇದೆ. ಅದರ ಗಡ್ಡೆಯ ಸಿಪ್ಪೆಯ ಮೇಲೆ ಮೇಣದಂಥ ಕೆಲವು ವಸ್ತುಗಳು ಬೇರೆ ತಳಿಗಿಂತ ಜಾಸ್ತಿ. ಆಫ್ರಿಕಾದ ಆ ಎರಡು ಮೂತಿ ಹುಳುಗಳು ಅದನ್ನು ಕಡಿಮೆ ಕಚ್ಚುತ್ತವೆ, ಆ ವಸ್ತು ಬೆರೆಸಿದ ಆಹಾರ ತಿಂದ ಮರಿಹುಳು ಸರಿಯಾಗಿ ಬೆಳೆಯುವುದಿಲ್ಲ. ಇನ್ನೊಂದು ಕಡೆಯಿಂದಲೂ ಕೆಲಸ ನಡೆದಿದೆ. ಹೆಣ್ಣು ಹುಳುವಿಗೆ ‘ಇಲ್ಲಿ ಮೊಟ್ಟೆ ಇಡು’ ಅಂತ ಹೇಳುವ ಒಂದು ವಸ್ತು ಗಡ್ಡೆಯ ಸಿಪ್ಪೆಯಲ್ಲೇ ಇದೆ. ಅದು ಕಡಿಮೆ ಇರುವ ತಳಿ ಅವಳನ್ನು ಕಡಿಮೆ ಸೆಳೆಯುತ್ತದೆ. ಅಮೆರಿಕದ ಚಾರ್ಲ್ಸ್‌ಟನ್‌ನಲ್ಲಿರುವ ಸರ್ಕಾರಿ ತರಕಾರಿ ಸಂಶೋಧನಾಲಯದವರು ರೀಗಲ್, ಸುಮೋರ್, ರೆಸಿಸ್ಟೊ ಮುಂತಾದ ತಳಿಗಳನ್ನು ಬಿಟ್ಟರು. ಅವುಗಳ ಹೆಚ್ಚುಗಾರಿಕೆ ತಂತಿ ಹುಳುವಿನಂಥ ಮಣ್ಣಿನ ಕೀಟಗಳ ಎದುರು.

ಇಷ್ಟೆಲ್ಲಾ ಆದರೂ ಮೂತಿ ಹುಳು ಮುಟ್ಟದೇ ಇರುವ ಗೆಣಸು ಅಂತ ಒಂದೂ ಇಲ್ಲ. ಹೆಚ್ಚು ಹತ್ತುವುದು, ಕಡಿಮೆ ಹತ್ತುವುದು, ಇಷ್ಟೇ ಇರುವುದು. ಅದೂ ಒಂದು ಹೊಲದಲ್ಲಿ ಕಡಿಮೆ ಹತ್ತಿದ ತಳಿ ಇನ್ನೊಂದು ಹೊಲದಲ್ಲಿ ಪೂರ್ತಿ ತೂತಾಗಬಹುದು. ಹೊಸದಾಗಿ ತಳಿ ಕಟ್ಟೋಣ ಅಂದರೆ ಗೆಣಸು ಅದಕ್ಕೂ ಸುಲಭಕ್ಕೆ ಬಗ್ಗುವುದಿಲ್ಲ. ಅದರ ಜೀವಕೋಶದಲ್ಲಿ ವರ್ಣತಂತುಗಳ ಆರು ಕಟ್ಟು, ಒಟ್ಟು 90. ಬೀಜ ಬಿತ್ತಿದರೆ ಹುಟ್ಟುವ ಸಸಿ ಒಂದೊಂದೂ ಒಂದೊಂದು ಥರ. ತಾಯಿಯಲ್ಲಿದ್ದ ಗುಣ ಮಕ್ಕಳಲ್ಲಿ ಉಳಿಯುತ್ತದೆ ಅನ್ನೋ ಭರವಸೆ ಇಲ್ಲ.

ಹಾಗಾದರೆ ನಂಬಬಹುದಾದ ತಳಿ ಯಾವುದು? ಚೀಟಿಯಲ್ಲಿ ಏನೇ ಬರೆದಿರಲಿ, ನಾನು ಮಾರುವವರನ್ನು ಕೇಳುವುದು ಎರಡೇ. ಗಡ್ಡೆ ಎಷ್ಟು ಆಳಕ್ಕೆ ಕೂರುತ್ತದೆ? ಎಷ್ಟು ಬೇಗ ಬಲಿಯುತ್ತದೆ? ಬುಡಕ್ಕೂ ಗಡ್ಡೆಗೂ ನಡುವೆ ಉದ್ದ ಕೊರಳಿದ್ದು, ಗಡ್ಡೆ ಆಳದಲ್ಲಿ ಕೂತರೆ ಬಿರುಕು ಅಲ್ಲಿಗೆ ಮುಟ್ಟುವುದು ಕಷ್ಟ. ಮೂರು ಮೂರೂವರೆ ತಿಂಗಳಲ್ಲಿ ಬಲಿತರೆ ಹುಳು ತುಂಬಿಕೊಳ್ಳುವ ಮೊದಲೇ ಕಿತ್ತುಬಿಡಬಹುದು. ಬಲಿತ ಮೇಲೂ ‘ಇನ್ನಷ್ಟು ದಪ್ಪ ಆಗಲಿ’ ಅಂತ ಬಿಟ್ಟರೆ ಯಾವ ತಳಿಯೂ ಉಳಿಯಲ್ಲ. ಇದು ಹುಳುವನ್ನು ತಡೆಯುವುದಲ್ಲ, ಹುಳುವಿನಿಂದ ತಪ್ಪಿಸಿಕೊಳ್ಳುವುದು. ನನಗೆ ಅಷ್ಟು ಸಾಕು.

ಆರಿಸಿ ನೆಟ್ಟ ಕುಡಿಗಳು ಹೇಗೆ ಬಂದವು ಅಂತ ಕೇಳಿದರೆ, ತಳಿ ಕೆಟ್ಟದ್ದೇನೂ ಅಲ್ಲ. ಗಡ್ಡೆ ಆಳಕ್ಕೇ ಕೂತಿತ್ತು. ಮಣ್ಣು ಏರಿಸಿದ ಬೋದಿನಲ್ಲಿ ತೂತು ಬಿದ್ದ ಗಡ್ಡೆ ಅಪರೂಪ. ನೋಡೋಣ ಅಂತ ಒಂದು ಅಂಚನ್ನು ಮಣ್ಣು ಏರಿಸದೆ ಹಾಗೇ ಬಿಟ್ಟಿದ್ದೆ. ಅಲ್ಲಿ ಅದೇ ತಳಿಯ ಗಡ್ಡೆಗೆ ಹುಳು ಚೆನ್ನಾಗಿಯೇ ಹತ್ತಿತ್ತು. ಹಂಬಿಗೆ ಒಂದೇ ಅಂಕ ಕೊಟ್ಟದ್ದು ತಳಿಗಲ್ಲ, ಬುಡದ ತುಂಡು ಕತ್ತರಿಸಿ ಕಳಿಸಿದ ಕೈಗೆ ಮತ್ತು ಆ ಚೀಟಿಗೆ.

ಬಲೆಯ ಕುಂದುಗಳನ್ನೂ ಹೇಳಿಬಿಡುತ್ತೇನೆ. ಆಲಿಕೆಯ ಮೇಲೆ ಧೂಳು ಕೂತರೆ ನುಣುಪು ಹೋಗಿ ಹುಳುವಿಗೆ ಕಾಲೂರಲು ಸಿಗುತ್ತದೆ. ಒದ್ದೆ ಬಟ್ಟೆಯಲ್ಲಿ ಆಗಾಗ ಒರೆಸಬೇಕು, ಹಾಳೆಯಲ್ಲಿ ಇದರ ಸುದ್ದಿಯೇ ಇಲ್ಲ. ಡಬ್ಬಿಗೆ ನೀರು ಬಸಿಯುವ ತೂತಿಲ್ಲ. ಜೋರು ಮಳೆಗೆ ತುಂಬಿ ಹುಳುಗಳೆಲ್ಲಾ ಹೊರಗೆ ತೇಲಿದವು, ಆ ವಾರದ ಎಣಿಕೆ ಹೋಯಿತು. ಮೇಲಂಚಿನ ಕೆಳಗೆ ನಾನೇ ಸೂಜಿ ಕಾಯಿಸಿ ಸಣ್ಣ ತೂತು ಮಾಡಿದೆ. ಮುಚ್ಚಳದ ಕೊಂಡಿ ಬಿಸಿಲಿಗೆ ಬೇಗ ಪೆಡಸಾಗುತ್ತದೆ. ನಿಜ ಹೇಳಬೇಕೆಂದರೆ ಬಲೆ ಕೊಳ್ಳುವ ಅಗತ್ಯವೇ ಇಲ್ಲ. ಐದು ಲೀಟರಿನ ಹಳೆಯ ಪ್ಲಾಸ್ಟಿಕ್ ಕ್ಯಾನಿಗೆ ಎದುರುಬದುರು ಎರಡು ಕಿಟಕಿ ಕೊರೆದು, ಒಳಗೆ ತಂತಿಯಲ್ಲಿ ಲೂರ್ ತೂಗುಬಿಟ್ಟು, ತಳಕ್ಕೆ ಸೋಪಿನ ನೀರು ಹಾಕಿದರೆ ಹುಳು ಬೀಳುತ್ತದೆ. ಪಕ್ಕದಲ್ಲೇ ಅಂಥದ್ದೊಂದು ಕಟ್ಟಿದ್ದೆ. ಕೊಂಡ ಬಲೆಗೆ ಸಮನಾಗಿಯೇ ಬಿತ್ತು. ಎರಡನ್ನೂ ಎಲೆಗಳ ಮಟ್ಟಕ್ಕಿಂತ ಸ್ವಲ್ಪ ಮೇಲೆ ಕಟ್ಟಿ, ತೀರಾ ಎತ್ತರಕ್ಕೆ ಬೇಡ.

ಸಾಮಾನ್ಯವಾಗಿ ನೂರು ಚದರ ಮೀಟರಿಗೆ ಒಂದು ಬಲೆ ಅಂತ ಹೇಳುತ್ತಾರೆ. ಬರೀ ಹುಳು ಏರಿತಾ ಇಳಿಯಿತಾ ನೋಡಲು ಅಷ್ಟು ಬೇಕಾಗಿಲ್ಲ.

ಈ ಲೂರ್‌ಗೆ ಮೂತಿ ಹುಳು ಬಿಟ್ಟು ಬೇರೆ ಏನೂ ಬರುವುದಿಲ್ಲ ಅನ್ನೋದು ನೆನಪಿರಲಿ. ಎಲೆಯಲ್ಲಿ ದುಂಡು ದುಂಡು ತೂತು ಮಾಡುವ ಬಂಗಾರದ ಬಣ್ಣದ ಆಮೆ ದುಂಬಿ, ಹಂಬಿನ ಬುಡ ಕೊರೆಯುವ ಪತಂಗದ ಮರಿ, ನಂಜು ರೋಗ ಹರಡುವ ಬಿಳಿನೊಣ, ಇವು ಯಾವುದೂ ಅಲ್ಲ. ಹಾಳೆಯಲ್ಲಿ ಇವೆಲ್ಲದರ ಚಿತ್ರ ಯಾಕೆ ಹಾಕಿದರೋ!

ಪಕ್ಕದ ಹೊಲದವನ ಇರುವೆ ಮಾತಿಗೆ ಒಂದು ಸೇರಿಸಬೇಕು. ಕ್ಯೂಬಾದಲ್ಲಿ ರೈತರು ಗೆಣಸಿನ ಹೊಲಕ್ಕೆ ನಿಜವಾದ ಇರುವೆಗಳನ್ನೇ ತಂದು ಬಿಡುತ್ತಾರೆ. ಬಾಳೆಯ ದಿಂಡಿನ ತುಂಡಿಗೆ ಸಿಹಿ ಸವರಿ ಇರುವೆ ಗೂಡು ಕಟ್ಟುವ ಹಾಗೆ ಮಾಡಿ, ಆ ತುಂಡುಗಳನ್ನು ಹೊತ್ತು ತಂದು ಹೊಲದಲ್ಲಿ ಇಡುತ್ತಾರೆ. ಇರುವೆ ಮೂತಿ ಹುಳುವನ್ನು ಬೇಟೆಯಾಡುತ್ತದೆ. ಜೊತೆಗೆ ಇದೇ ಥರದ ಬಲೆ, ಹುಳುವಿಗೆ ರೋಗ ತಂದು ಕೊಲ್ಲುವ ಬ್ಯುವೇರಿಯಾ ಅನ್ನೋ ಶಿಲೀಂಧ್ರ. ಬಲೆಯಲ್ಲಿ ನಾಲ್ಕು ಹುಳು ಜಾಸ್ತಿ ಬಿದ್ದವು ಅಂತ ವಿಷ ಹೊಡೆಯಲು ಹೊರಟರೆ ಮೊದಲು ಸಾಯುವುದು ಈ ಇರುವೆಗಳು. ಗಡ್ಡೆಯೊಳಗಿನ ಮರಿಹುಳುವಿಗೆ ಸಿಂಪಡಣೆ ಮುಟ್ಟುವುದೂ ಇಲ್ಲ.

ಬೆಳೆ ಕಿತ್ತ ಮೇಲೆ ಬಲೆ ಬಿಚ್ಚಿ ಇಡಬೇಡಿ. ಹೊಲದಲ್ಲಿ ಉಳಿದ ಚೂರು ಗಡ್ಡೆ, ಹಳೆಯ ಹಂಬು, ಬೇಲಿಯ ಮೇಲೆ ಹಬ್ಬಿದ ಗೆಣಸಿನ ಜಾತಿಯ ಕಾಡು ಬಳ್ಳಿ, ಎಲ್ಲದರಲ್ಲೂ ಹುಳು ಬದುಕಿರುತ್ತದೆ. ಕಿತ್ತ ಮೇಲೂ ಡಬ್ಬಿಗೆ ಹುಳು ಬೀಳುತ್ತಲೇ ಇದ್ದರೆ, ಮುಂದಿನ ಸಲ ಅಲ್ಲೇ ಗೆಣಸು ಹಾಕಬೇಡಿ.

ಇನ್ನೊಂದು ದೂರು ಉಳಿದಿದೆ. ಲೂರ್ ಪೊಟ್ಟಣದ ಮೇಲೆ ತಯಾರಿಸಿದ ತಾರೀಖು ಇಲ್ಲ. ಈ ವಾಸನೆ ಬಿಸಿಲಿಗೆ ಇಳಿಯುವಂಥದ್ದು. ಹೊಲದಲ್ಲಿ ಎರಡು ಮೂರು ತಿಂಗಳು ಬರುತ್ತದೆ, ಆಮೇಲೆ ಬದಲಿಸಬೇಕು. ತೆರೆಯದ ಪೊಟ್ಟಣವನ್ನು ಫ್ರಿಜ್ಜಿನಲ್ಲಿ ಇಡಬೇಕು. ಅಂಗಡಿಯ ಬಿಸಿ ಕಪಾಟಿನಲ್ಲಿ ಎಷ್ಟು ಕಾಲ ಕೂತಿತ್ತು ಅಂತ ಕೊಳ್ಳುವವರಿಗೆ ಹೇಗೆ ತಿಳಿಯಬೇಕು? ಕಳೆದ ಅರ್ಧ ಅಂಕ ಅದಕ್ಕೇ. ಮುಂದಿನ ಬೆಳೆಗೂ ಲೂರ್ ಅವರ ಹತ್ತಿರವೇ ತರಿಸುತ್ತೇನೆ, ತಾರೀಖು ಕೇಳಿಕೊಂಡು. ಹಂಬು ಮಾತ್ರ ನಾನು ಉಳಿಸಿಕೊಂಡ ಬುಡಗಳಿಂದಲೇ, ಕುಡಿ ನೋಡಿ ಕತ್ತರಿಸಿ.